ಬಾಂಬೆ ಹೈ: ಕಡಲ ತೈಲೋತ್ಪಾದನೆಯಲ್ಲಿ ಸರಬರಾಜಿನ ಯೋಜನೆ

ಮುಂಬಯಿ ತೀರದಿಂದ ಸುಮಾರು 160 ಕಿ.ಮೀ. ದೂರದ ಅರಬ್ಬೀ ಸಮುದ್ರದಲ್ಲಿ, 1974ರಲ್ಲಿ 'ಸಾಗರ್ ಸಮ್ರಾಟ್' ರಿಗ್ ಕೊರೆದ ಬಾವಿಯಿಂದ ಬೆಳಕಿಗೆ ಬಂದು, 1976ರಲ್ಲಿ ಉತ್ಪಾದನೆಯನ್ನಾರಂಭಿಸಿದ ಬಾಂಬೆ ಹೈ ತೈಲಕ್ಷೇತ್ರವು, ಒಎನ್‌ಜಿಸಿಯಂತಹ (ತೈಲ ಮತ್ತು ನೈಸರ್ಗಿಕ ಅನಿಲ ನಿಗಮ) ಸಂಸ್ಥೆಯ ಸಾಧನೆ ಭೂಗರ್ಭಶಾಸ್ತ್ರವನ್ನಲ್ಲದೆ ಸರಬರಾಜಿನ ಪೂರ್ವಯೋಜನೆಯನ್ನೂ ಅವಲಂಬಿಸಿರುವುದೆಂಬುದಕ್ಕೆ ಉತ್ಕೃಷ್ಟ ನಿದರ್ಶನ. ತೀರದ ನ್ಹಾವಾ ಸರಬರಾಜು ನೆಲೆಯಿಂದ ಕೊಳವೆ, ಸಿಮೆಂಟು, ಡೀಸೆಲ್, ಕುಡಿಯುವ ನೀರನ್ನು ಹೊತ್ತ ಹಡಗುಗಳೂ, ಜುಹುವಿನಿಂದ ಸಿಬ್ಬಂದಿಯನ್ನು ಒಯ್ಯುವ ಹೆಲಿಕಾಪ್ಟರುಗಳೂ ಸಕಾಲಕ್ಕೆ ತಲುಪದಿದ್ದಲ್ಲಿ, ದಿನಬಾಡಿಗೆಯ ರಿಗ್ ಕೆಲಸವಿಲ್ಲದೆ ನಿಂತರೂ ಅದರ ವೆಚ್ಚ ನಿಲ್ಲದು. ಮುಂಗಾರಿನಲ್ಲಂತೂ, ಅಲೆಗಳ ಮೇಲೆ ಏರಿಳಿಯುವ ಹಡಗಿನಿಂದ ಕ್ರೇನ್ ಸರಕನ್ನೆತ್ತುವುದೇ ದುಸ್ಸಾಧ್ಯವಾಗುವುದರಿಂದ, ಮಳೆಗಾಲಕ್ಕೆ ಮೊದಲೇ ದಾಸ್ತಾನು ಮಾಡಿಡುವ ದೂರದೃಷ್ಟಿಯೇ, ನನ್ನ ಅಭಿಪ್ರಾಯದಲ್ಲಿ, ಇಲ್ಲಿನ ನಿಜವಾದ ಮಿತವ್ಯಯ. ಸರಕು ಹಡಗುಗಳಲ್ಲಿ ಬಂದರೂ, ಹೊರತೆಗೆದ ತೈಲವು ಮಾತ್ರ ಕಡಲತಳದ ಕೊಳವೆಮಾರ್ಗದಿಂದ ತೀರದ ಉರಣ್ ಸ್ಥಾವರವನ್ನು ಸೇರುತ್ತದೆ.