ಹೃದಯ ಕವಾಟ ರೋಗ: ರಾಯಚೂರು ಜಿಲ್ಲೆಯ ಅಭ್ಯರ್ಥಿಗಳಿಗೆ ಟಿಪ್ಪಣಿ

ಹೃದಯದಲ್ಲಿ ನಾಲ್ಕು ಕವಾಟಗಳು: ಮೈಟ್ರಲ್, ಅಯೋರ್ಟಿಕ್, ಟ್ರೈಕಸ್ಪಿಡ್, ಪಲ್ಮನರಿ. ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವುದು ಇವುಗಳ ಕೆಲಸ. ಕವಾಟ ಕಿರಿದಾದರೆ ಸ್ಟೆನೋಸಿಸ್, ಸೋರಿದರೆ ರಿಗರ್ಜಿಟೇಶನ್.

ವಯಸ್ಸಾದವರಲ್ಲಿ ಸುಣ್ಣಾಂಶ ಸೇರಿ ಅಯೋರ್ಟಿಕ್ ಕವಾಟ ಗಟ್ಟಿಯಾಗುತ್ತದೆ. ಹುಟ್ಟಿನಿಂದಲೇ ಬರುವ ದೋಷಗಳೂ ಉಂಟು. ಆದರೆ ನಮ್ಮಲ್ಲಿ ಹೆಚ್ಚು ಗಮನಿಸಬೇಕಾದದ್ದು ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, 5ರಿಂದ 15 ವರ್ಷದ ಮಕ್ಕಳಲ್ಲಿ ಕೆಲವರಿಗೆ ಕೀಲು ಬಾತು, ಮುಂದೆ ಮೈಟ್ರಲ್ ಕವಾಟ ಕೆಡುತ್ತದೆ. ಇಕ್ಕಟ್ಟಾದ ಮನೆ, ತಡವಾದ ಚಿಕಿತ್ಸೆ ಇದಕ್ಕೆ ಪೂರಕ. ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ಮಗುವಿನ ಗಂಟಲು ನೋವನ್ನು ಹಗುರವಾಗಿ ನೋಡಲೇಬಾರದು.

ಲಕ್ಷಣಗಳು: ಏದುಸಿರು, ಎದೆಬಡಿತ, ಕಾಲುಬಾವು, ತಲೆಸುತ್ತು. ಗರ್ಭಿಣಿಯರಲ್ಲಿ ರೋಗ ಮೊದಲ ಬಾರಿಗೆ ಬಯಲಾಗುವುದುಂಟು. ಸ್ಟೆತೊಸ್ಕೋಪಿನಲ್ಲಿ ಕೇಳುವ ‘ಮರ್ಮರ್’ (ಅಸಹಜ ಸದ್ದು) ಸುಳಿವು. ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆ ರೋಗವನ್ನು ಖಚಿತಪಡಿಸುತ್ತದೆ.

ರುಮ್ಯಾಟಿಕ್ ಜ್ವರ ಮರುಕಳಿಸದಂತೆ 3–4 ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು. ಕಿರಿದಾದ ಮೈಟ್ರಲ್ ಕವಾಟವನ್ನು ಬಲೂನಿನಿಂದ ಹಿಗ್ಗಿಸಬಹುದು; ಇಲ್ಲವೇ ದುರಸ್ತಿ, ಬದಲಾವಣೆ. ಲೋಹದ ಕವಾಟವಿದ್ದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು.

ನೆನಪಿಡಿ: ಭಾರತದ ಸ್ವದೇಶಿ ‘ಚಿತ್ರಾ’ ಕವಾಟ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯದು, ಮೊದಲ ಅಳವಡಿಕೆ 1990. ರಾಯಚೂರಿನ ರಿಮ್ಸ್ ವೈದ್ಯಕೀಯ ಕಾಲೇಜು ಆರಂಭವಾದದ್ದು 2007ರಲ್ಲಿ. ಕಲ್ಯಾಣ ಕರ್ನಾಟಕದ ಜಯದೇವ ಹೃದ್ರೋಗ ಆಸ್ಪತ್ರೆ ಕಲಬುರಗಿಯಲ್ಲಿದೆ.