‘ಕ’ ಅಂದರೆ ಕಲ್ಯಾಣಿಯೋ ಕಾಂಬೋಜಿಯೋ?

ಒಂದು ಮಳೆಗಾಲದಲ್ಲಿ ಅಟ್ಟದ ಮೇಲಿನ ನೂರನಲವತ್ತು ಕ್ಯಾಸೆಟ್ಟುಗಳನ್ನು ಇಳಿಸಿ, ಕಂಪ್ಯೂಟರಿಗೆ ಹಾಕಿಕೊಳ್ಳಲು ಕೂತೆ. ರೇಡಿಯೊ ಕಛೇರಿ, ರಾಮನವಮಿ ಕಛೇರಿ, ಸಂಗೀತದ ಪಾಠ, ಮನೆಯ ಹಾಡುಹಸೆ, ಎಲ್ಲ ಆ ಕ್ಯಾಸೆಟ್ಟುಗಳಲ್ಲಿದ್ದವು. ಎಲ್ಲದರ ಮೇಲೂ ನನ್ನದೇ ಕೈಬರಹ, ನಾನೇ ಕಟ್ಟಿಕೊಂಡ ಸಂಕೇತಗಳು. ಅರ್ಧದಷ್ಟು ನನಗೇ ಅರ್ಥವಾಗಲಿಲ್ಲ. ಆಗ ಕಲಿತದ್ದು ಇಷ್ಟು.

1. ಅಕ್ಷರದಲ್ಲಿ ಜಿಪುಣತನ ಬೇಡ.
ಕ್ಯಾಸೆಟ್ ಡಬ್ಬಿಯ ಬೆನ್ನಿನ ಪಟ್ಟಿ ಬೆರಳಗಲ. ಹಾಗಾಗಿ ರಾಗಕ್ಕೊಂದು ಅಕ್ಷರ ಸಾಕು ಅಂದುಕೊಂಡೆ. ‘ತೋ’ ತೋಡಿ, ‘ಶಂ’ ಶಂಕರಾಭರಣ, ಅಲ್ಲಿಯವರೆಗೆ ಸುಖ. ‘ಕ’ ಬಂದಾಗ ಕಲ್ಯಾಣಿ, ಕಾಂಬೋಜಿ, ಕಾನಡ, ಕೇದಾರಗೌಳ ಎಲ್ಲ ಒಂದೇ ಬಾಗಿಲಲ್ಲಿ ನೂಕಾಡಿದವು. ‘ಪು’ ಒಂದು ಕಡೆ ಪುರಂದರದಾಸರು, ಇನ್ನೊಂದು ಕಡೆ ‘ಪುನಃ ಕೇಳಬೇಕು’. ಈಗ ‘ಕಲ್ಯಾ’, ‘ಕಾಂಬೋ’ ಅಂತ ಬರೆಯುತ್ತೇನೆ. ಉಳಿಸಿದ್ದ ಶಾಯಿಯಿಂದ ಏನೂ ಕಟ್ಟಿಸಲಿಲ್ಲ.

2. ಜಾಣತನ ತೋರಿಸುವ ಜಾಗ ಇದಲ್ಲ.
ಆಮೇಲೆ ಮೇಳಕರ್ತದ, ಅಂದರೆ ತಾಯಿರಾಗದ, ಸಂಖ್ಯೆ ಬರೆಯುವ ಹುಚ್ಚು ಹಿಡಿಯಿತು. ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಲೆಕ್ಕದಲ್ಲಿ ಮೇಚಕಲ್ಯಾಣಿಯ ‘ಮ’ 5, ‘ಚ’ 6, ತಿರುಗಿಸಿದರೆ 65. ಹಿರಿಯರೇ ರಾಗದ ಹೆಸರೊಳಗೆ ಸಂಕೇತ ಬಚ್ಚಿಟ್ಟಿದ್ದಾರೆ, ನಾನು ಬಳಸಿಕೊಂಡರೇನು ಅಂತ ಬೀಗಿದೆ. ಜನ್ಯರಾಗಗಳು ಬೀಗು ಇಳಿಸಿದವು. ಮೋಹನ, ಕಾಂಬೋಜಿ, ಕೇದಾರಗೌಳ, ಮೂರೂ 28ರ ಮಕ್ಕಳು. ‘28’ ಅಂತ ಬರೆದ ಹನ್ನೊಂದು ಕ್ಯಾಸೆಟ್ಟುಗಳನ್ನು ಮೊದಲಿಂದ ಕೇಳಬೇಕಾಯಿತು. ಅದರಲ್ಲೊಂದು 28, ಕ್ಯಾಸೆಟ್ಟಿನ ಕ್ರಮಸಂಖ್ಯೆ!

3. ಡಬ್ಬಿಯ ಮೇಲೆ ಬರೆದರೆ ಬರೆದಂತಲ್ಲ.
ಮನೆಗೆ ಬಂದ ನೆಂಟರು ಹಾಡು ಕೇಳಿ, ಕೈಗೆ ಸಿಕ್ಕ ಡಬ್ಬಿಗೆ ಕ್ಯಾಸೆಟ್ ತುರುಕುತ್ತಿದ್ದರು. ಅವರನ್ನು ಬೈದು ಪ್ರಯೋಜನವಿಲ್ಲ, ನಾನೂ ಅದನ್ನೇ ಮಾಡಿದ್ದೇನೆ. ವೀಣೆಯ ಡಬ್ಬಿಯಲ್ಲಿ ಹರಿಕಥೆ ಸಿಕ್ಕಿತು. ಕ್ರಮಸಂಖ್ಯೆ ಡಬ್ಬಿಯ ಮೇಲೂ ಇರಲಿ, ಕ್ಯಾಸೆಟ್ಟಿನ ಎರಡೂ ಬದಿಯಲ್ಲೂ ಇರಲಿ.

4. ವರ್ಷವಿಲ್ಲದ ತಾರೀಖು ತಾರೀಖೇ ಅಲ್ಲ.
‘ರಾ.ನ., ಕೋಟೆ’ ಎಂದಿತ್ತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿ, ಅದು ನೆನಪಿದೆ. ಯಾವ ವರ್ಷದ್ದು? ಆ ಸಂಗೀತೋತ್ಸವ ಶುರುವಾದದ್ದು 1939ರಲ್ಲಿ. ಪ್ರತಿ ವರ್ಷವೂ ರಾಮನವಮಿ ಬರುತ್ತದೆ ಅನ್ನುವುದು ಬರೆಯುವಾಗ ನನಗೆ ಹೊಳೆದಿರಲಿಲ್ಲ. ಈಗ ಕಂಪ್ಯೂಟರಿನಲ್ಲಿ ವರ್ಷ, ತಿಂಗಳು, ದಿನ, ಇದೇ ಕ್ರಮ. ಕಡತಗಳು ತಾವಾಗಿ ಸಾಲಾಗಿ ಕೂರುತ್ತವೆ.

5. ಶ್ರುತಿಯನ್ನೂ ಬರೆದಿಡಿ.
ನನ್ನ ಹಳೆಯ ಟೇಪ್ ರೆಕಾರ್ಡರ್ ಕೊಂಚ ಅವಸರದ್ದು. ಟೇಪು ಶೇಕಡಾ 6ರಷ್ಟು ಜೋರಾಗಿ ಓಡಿದರೆ ಸಾಕು, ಶ್ರುತಿ ಅರ್ಧ ಮನೆ ಏರುತ್ತದೆ. ಐದು ಮನೆಯಲ್ಲಿ ಹಾಡುತ್ತಿದ್ದ ನಮ್ಮ ಮೇಷ್ಟ್ರಮ್ಮ ಐದೂವರೆಗೆ ಹತ್ತಿ ಕೂತಿದ್ದರು, ದನಿ ಹುಡುಗಿಯದಾಗಿತ್ತು. ಲೇಬಲ್ಲಿನ ಮೂಲೆಯಲ್ಲಿ ‘5 ಮನೆ’ ಎಂದು ಬರೆದಿದ್ದ ಒಂದೇ ಒಂದು ಕ್ಯಾಸೆಟ್ಟಿನಿಂದ ತಪ್ಪು ಸಿಕ್ಕಿತು. ಅದನ್ನು ಯಾಕೆ ಬರೆದೆನೋ ಗೊತ್ತಿಲ್ಲ, ಪೆನ್ನು ಪರೀಕ್ಷಿಸಿರಬೇಕು.

6. ಮನೆಯವರ ಹೆಸರನ್ನು ಮೊಟಕು ಮಾಡಬೇಡಿ.
ಇದನ್ನು ಬರೆಯಲು ಈಗಲೂ ಕಷ್ಟ. ತಂಗಿಯ ಮದುವೆಯ ಹಿಂದಿನ ದಿನ ದೊಡ್ಡತ್ತೆ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ ಹಾಡಿದ ಹಾಡುಗಳು ಒಂದು ಸಿ-90ಯ ಒಂದು ಬದಿಯ ತುಂಬ, 45 ನಿಮಿಷ, ಇದ್ದವು. ‘ಮ.ಹಾ.’ ಎಂದು ಬರೆದಿದ್ದೆ, ಮದುವೆ ಹಾಡು. ಐದು ವರ್ಷದ ನಂತರ ಅದೇ ‘ಮ.ಹಾ.’ ನನ್ನ ಕಣ್ಣಿಗೆ ‘ಮತ್ತೆ ಹಾಕಬಹುದು’ ಎಂದು ಕಂಡಿತು. ಅಳಿಸಿ ಬಳಸುವ ಕ್ಯಾಸೆಟ್ಟಿಗೆ ನಡುವೆ ಯಾವಾಗಲೋ ಅದೇ ಗುರುತು ಮಾಡಿಕೊಂಡಿದ್ದೆ. ಹಿಂದಿನ ಅಂಚಿನ ಪ್ಲಾಸ್ಟಿಕ್ ಹಲ್ಲು ಮುರಿದಿದ್ದರೆ ಯಂತ್ರವೇ ರೆಕಾರ್ಡ್ ಗುಂಡಿ ಒತ್ತಲು ಬಿಡುತ್ತಿರಲಿಲ್ಲ. ಅದನ್ನೂ ಮುರಿದಿರಲಿಲ್ಲ. ಅದರ ಮೇಲೆ ರೇಡಿಯೊ ಕಛೇರಿ ತುಂಬಿಸಿದೆ. ಆ ಕಛೇರಿ ಇವತ್ತು ನಾಲ್ಕಾರು ಗೆಳೆಯರ ಹತ್ತಿರ ಇದೆ. ಅತ್ತೆ ಇಲ್ಲ.

ಕಛೇರಿ ಮುಗಿದ ಮೇಲೆ, ಬದಿಯ ಕೊನೆಯಲ್ಲಿ, ನಾಲ್ಕು ನಿಮಿಷ ಉಳಿದಿತ್ತು. ನಡು ಸಾಲಿನಿಂದ ಹಾಡು ಶುರುವಾಗುತ್ತದೆ, ಕುಕ್ಕರ್ ಕೂಗುತ್ತದೆ, ಅತ್ತೆ ‘ಉರಿ ಸಣ್ಣ ಮಾಡೇ’ ಎಂದು ಹೇಳಿ ಮತ್ತೆ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ರಾಗ ಯಾವುದೆಂದು ಬಲ್ಲವರು ಯಾರಾದರೂ ಕೇಳಿ ಹೇಳಬಹುದು. ಹಾಡಿದವರು ಯಾರು, ಯಾವ ದಿನ ಅನ್ನುವುದನ್ನು ಟೇಪು ಹೇಳುವುದಿಲ್ಲ. ಆ ಕಡತದ ಹೆಸರು ಈಗ ಹೀಗಿದೆ: ‘1988 ಮೇ, ದೊಡ್ಡತ್ತೆ, ಹಸೆಗೆ ಕರೆಯುವ ಹಾಡು, ನಮ್ಮ ಅಡುಗೆಮನೆ, ತಂಗಿಯ ಮದುವೆಯ ಹಿಂದಿನ ದಿನ’. ಪರದೆಯಲ್ಲಿ ಪೂರ್ತಿ ಹಿಡಿಸುವುದಿಲ್ಲ. ಇರಲಿ.