ಕೊರೊಲರಿ: ತಾನಾಗಿ ಬರೋದು ಯಾವುದು, ನಾವು ತಂದುಕೊಂಡದ್ದು ಯಾವುದು?

ನಾನು ಜಗಳೂರು ತಾಲ್ಲೂಕಿನ ಒಣಭೂಮಿ ರೈತ. ಓದಿದ್ದು ಏಳನೇ ಕ್ಲಾಸು. ಮಗಳು ಪಿಯುಸಿ ಓದುವಾಗ ಒಂದು ದಿನ, "ಅಪ್ಪ, ಕೊರೊಲರಿ ಅನ್ನೋ ಪದ ಹಾಕಿ ವಾಕ್ಯ ಬರೀಬೇಕು, ಹೊಲದ್ದೇ ಏನಾದ್ರೂ ಹೇಳು" ಅಂದಳು.

ಅರ್ಥ ಅವಳೇ ಹೇಳಿದಳು. ಒಂದು ಮಾತು ನಿಜವಾದರೆ ಅದರ ಬೆನ್ನಿಗೇ ತಾನಾಗಿ ಬರುವ ಇನ್ನೊಂದು ಮಾತು. ಲೆಕ್ಕದ ಪುಸ್ತಕದಲ್ಲಿ ಉಪಪ್ರಮೇಯ ಅಂತಾರೆ. ತ್ರಿಭುಜದ ಎರಡು ಬದಿ ಸಮ ಇದ್ದರೆ ಅವುಗಳ ಎದುರಿನ ಕೋನಗಳೂ ಸಮ. ಹಂಗಾದರೆ ಮೂರೂ ಬದಿ ಸಮ ಇದ್ದಾಗ ಮೂರೂ ಕೋನ ಸಮ, ಅಂದರೆ ತಲಾ 60 ಡಿಗ್ರಿ. ಇದು ಕೊರೊಲರಿ.

ನಾನು ಎರಡು ವಾಕ್ಯ ಹೇಳಿದೆ:

1. ಇಳಿಜಾರಿನ ಉದ್ದಕ್ಕೆ ಉತ್ತರೆ ಮಳೆನೀರು ಸಾಲು ಹಿಡಿದು ಓಡ್ತದೆ. ಮೇಲ್ಮಣ್ಣು ಕೊಚ್ಚಿ ಹೋಗೋದು ಅದರ ಕೊರೊಲರಿ.

2. ಇಂಗಿದ್ದಕ್ಕಿಂತ ಹೆಚ್ಚು ನೀರು ಎತ್ತುತ್ತಲೇ ಇದ್ದರೆ, ಅಂತರ್ಜಲ ಇಳಿಯೋದು ಅದರ ಕೊರೊಲರಿ.

ಎಲ್ಲದಕ್ಕೂ ಈ ಪದ ಹಚ್ಚಬಾರದು

ಚನ್ನಗಿರಿ ಕಡೆ ಭದ್ರಾ ನಾಲೆ ನೀರು ಬಂತು, ಅಡಿಕೆ ತೋಟ ಎದ್ದವು. ಅಡಿಕೆ ನೀರಿನ ಕೊರೊಲರಿ ಅಲ್ಲ. ಅದೇ ನೀರಿಗೆ ಭತ್ತಾನೂ ಬೆಳೀತದೆ. ಜನ ಧಾರಣೆ ನೋಡಿ ಆರಿಸಿಕೊಂಡರು.

ನ್ಯಾಮತಿಯ ನೆಂಟರೊಬ್ಬರು 2018ರಲ್ಲಿ ಮೆಕ್ಕೆಜೋಳದ ಬೀಜ ಬದಲಾಯಿಸಿದರು. ಆ ವರ್ಷವೇ ಸುಳಿಗೆ ಸೈನಿಕ ಹುಳು ಬಿತ್ತು. "ಬೀಜದ ದೆಸೆಯಿಂದ" ಅಂದರು. ಆದರೆ ಅಮೆರಿಕ ಖಂಡದ ಆ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದೇ ಆ ವರ್ಷ. ಒಂದರ ಹಿಂದೆ ಒಂದು ಬಂದದ್ದೆಲ್ಲ ಕೊರೊಲರಿ ಅಲ್ಲ.

ನನ್ನದೇ ತಪ್ಪು ವಾಕ್ಯ

ಎರಡು ಬೋರು ಒಣಗಿದ ಮೇಲೆ ಸಾಲ ತಂದು ಮೂರನೇದು ಕೊರೆಸಿದ್ದೆ. ಬರೀ ಧೂಳು ಬಂತು. "ಬರ ಬಂದ ಮೇಲೆ ಸಾಲ ಆಗೇ ಆಗ್ತದೆ" ಅಂತ ಮನೆಯಾಕೆಗೆ ಹೇಳ್ತಾ ಬಂದಿದ್ದೆ. ಮಗಳು ಅದನ್ನೇ ಬರೆದಳು: "ಸಾಲವು ಬರದ ಕೊರೊಲರಿ."

ಓದಿ ಕೇಳಿಸಿದಾಗ ನನಗೇ ಚುಚ್ಚಿತು. ಹೊಡೆದು ಹಾಕು ಅಂದೆ. ಬರ ಬಂದರೆ ಬೆಳೆ ಒಣಗ್ತದೆ, ನಿಜ. ಆದರೆ ಮೂರನೇ ಬೋರು ಬೇಡ ಅಂತ ಮನೆಯಾಕೆ ಹೇಳಿದ್ದಳು. ಕೇಳದೆ ಹೋದವನು ನಾನು. ಸಾಲ ನನ್ನ ತೀರ್ಮಾನ. ಬಡ್ಡಿ ಏರಿದ್ದು ಅದರ ಕೊರೊಲರಿ.

ರೈತ ಬಾಂಧವರೇ, ಈ ಪದ ಬಳಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಡುವೆ ನಮ್ಮ ಕೈ ಇದೆಯಾ? ಇದ್ದರೆ ಅಲ್ಲಿ ಬೇರೆ ದಾರಿಯೂ ಇರ್ತದೆ. ನಾನು ನಾಲ್ಕನೇ ಬೋರಿನ ಮಾತು ಬಿಟ್ಟು ಇಳಿಜಾರಿಗೆ ಅಡ್ಡ ಬದು ಹಾಕಿದೆ. ಬದುವಿನ ಹಿಂದೆ ನಿಂತ ನೀರು ಅಷ್ಟಿಷ್ಟಾದರೂ ಇಂಗ್ತದೆ. ಅದೂ ಕೊರೊಲರಿಯೇ.